ಕೂಸಿನ ಬಟ್ಟೆ: ಒಗೆಯುವುದೋ, ಎಸೆಯುವುದೋ?

ಹಸುಗೂಸಿನ ವಿಚಾರವಾಗಿ ನಮ್ಮ ಕವಿಗಳು ಹಾಡಿರುವುದಕ್ಕೆ ಲೆಕ್ಕವಿಲ್ಲ. ತೊಟ್ಟಿಲು, ಜೋಗುಳ, ಅಂಬೆಗಾಲು, ತೊದಲುನುಡಿ, ಬಾಯೊಳಗೆ ಕಂಡ ಬ್ರಹ್ಮಾಂಡ, ಎಲ್ಲವೂ ಬಂದಿವೆ. ಆದರೆ ಬಾಲಕೃಷ್ಣನ ಒದ್ದೆಬಟ್ಟೆಯನ್ನು ದಿನಕ್ಕೆ ಎಷ್ಟು ಸಲ ಬದಲಾಯಿಸುತ್ತಿದ್ದರು, ಅದನ್ನು ಒಗೆಯುತ್ತಿದ್ದವರು ಯಾರು, ಗೋಕುಲದಲ್ಲಿ ಮಳೆ ಹಿಡಿದಾಗ ಅದು ಎಲ್ಲಿ ಒಣಗುತ್ತಿತ್ತು ಎಂಬುದನ್ನು ಯಾವ ಕವಿಯೂ ಹೇಳಿದಂತೆ ನನಗೆ ನೆನಪಿಲ್ಲ. ಇಷ್ಟು ವರ್ಷ ಕನ್ನಡ ಪಾಠ ಹೇಳಿಕೊಂಡು ಬಂದ ನನಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು ನೋಡಿ, ಆಗ ಹೊಳೆಯಿತು.

ಮಗಳು ಪಟ್ಟಣದಿಂದ ಬರುವಾಗಲೇ ಡಯಾಪರಿನ ಎರಡು ದೊಡ್ಡ ಕಟ್ಟುಗಳನ್ನು ತಂದಿದ್ದಳು. ನನ್ನ ಹೆಂಡತಿಯಾದರೋ ಅಟ್ಟದ ಮೇಲಿನ ಟ್ರಂಕು ಇಳಿಸಿ ನನ್ನ ಹಳೆಯ ಪಂಚೆಗಳನ್ನೆಲ್ಲ ಮಡಿಸಿ ತೆಗೆದಿಟ್ಟಿದ್ದಳು. ಇಬ್ಬರೂ ನನ್ನ ಕಡೆ ನೋಡಿದರು. ಮೇಷ್ಟರಾದವನಿಗೆ ತೀರ್ಪು ಹೇಳಲು ಎಷ್ಟು ಹೊತ್ತು ಬೇಕು? ಬಟ್ಟೆಯೇ ಸರಿ ಎಂದೆ. ನಮ್ಮ ಹಿರಿಯರು, ನಿಸರ್ಗ, ಮಿತವ್ಯಯ ಎಲ್ಲವನ್ನೂ ಸೇರಿಸಿ ಐದು ನಿಮಿಷ ಮಾತನಾಡಿದೆ. ಹೆಂಡತಿ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಒಗೆಯುವವರು ಯಾರು?" ಎಂದಳು. ಅವಳಿಗೆ ಮಂಡಿನೋವು. ಬಾಣಂತಿ ತಣ್ಣೀರಿಗೆ ಕೈ ಹಾಕುವಂತಿಲ್ಲ. ನನಗೆ ಬೇಸಿಗೆಯ ರಜ. ಬಕೀಟು ನನ್ನ ಪಾಲಿಗೆ ಬಂತು. ಈಗ ನಾನು ನಿಮಗೆ ಹೇಳಲಿರುವುದರಲ್ಲಿ ಒಂದು ಪಾಲು ಓದಿ ತಿಳಿದದ್ದು, ಇನ್ನೊಂದು ಪಾಲು ಬಕೀಟು ಕಲಿಸಿದ್ದು.

ಮೊದಲು ಒಂದು ಮಾತಿನ ವಿಚಾರ. ಪಂಡಿತನ ಚಪಲ, ಕ್ಷಮಿಸಬೇಕು. ಡಯಾಪರ್ ಎಂದರೆ ಮೂಲದಲ್ಲಿ ಒಂದು ಬಗೆಯ ಬಟ್ಟೆಯ ಹೆಸರು. ಸಣ್ಣ ಸಣ್ಣ ವಜ್ರಾಕೃತಿಯ ನೇಯ್ಗೆಯುಳ್ಳ ಬಿಳಿಯ ವಸ್ತ್ರಕ್ಕೆ ಯೂರೋಪಿನಲ್ಲಿ ಆ ಹೆಸರಿತ್ತು. ಗ್ರೀಕ್ ಭಾಷೆಯಲ್ಲಿ ಅದರ ಬೇರಿಗೆ ಅಪ್ಪಟ ಬಿಳುಪು ಎಂಬ ಅರ್ಥ ಹೇಳುತ್ತಾರೆ. ಆ ಬಟ್ಟೆಯ ತುಂಡನ್ನು ಮಕ್ಕಳಿಗೆ ಕಟ್ಟುತ್ತ ಕಟ್ಟುತ್ತ ಬಟ್ಟೆಯ ಹೆಸರೇ ಉಪಯೋಗದ ಹೆಸರಾಯಿತು. ಈಗ ಬಟ್ಟೆ ಹೋಗಿ ಹೆಸರು ಮಾತ್ರ ನಿಂತಿದೆ. ನಮ್ಮಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಶಬ್ದ ರೂಢಿಯಲ್ಲಿ ನಿಲ್ಲಲಿಲ್ಲ. ಲಂಗೋಟಿ ಎನ್ನುವವರುಂಟು, ಅರಿವೆ ಎನ್ನುವವರುಂಟು, ಬರಿದೇ ಬಟ್ಟೆ ಎನ್ನುವವರೇ ಹೆಚ್ಚು. ಅದಕ್ಕೆ ಕಾರಣ ಸುಲಭ. ನಮ್ಮಲ್ಲಿ ಅದಕ್ಕಾಗಿ ಯಾರೂ ಹೊಸದಾಗಿ ಬಟ್ಟೆ ನೇಯಲಿಲ್ಲ. ಉಟ್ಟು ಒಗೆದು, ಉಟ್ಟು ಒಗೆದು ನವುರಾದ ಪಂಚೆಯೋ ಸೀರೆಯೋ ತನ್ನ ಕೊನೆಗಾಲದಲ್ಲಿ ಕೂಸಿನ ಅಡಿಗೆ ಬರುತ್ತಿತ್ತು. ಮುಪ್ಪಿನ ಬಟ್ಟೆಯಷ್ಟು ಮೆತ್ತನೆಯದು ಇನ್ನೊಂದಿಲ್ಲ.

ಎಸೆಯುವ ಡಯಾಪರು ಹುಟ್ಟಿದ್ದು ಅಮೆರಿಕದಲ್ಲಿ ಒಬ್ಬ ತಾಯಿಯ ಬೇಸರದಿಂದ ಎನ್ನಬಹುದು. ಮೇರಿಯನ್ ಡೊನೊವನ್ ಎಂಬಾಕೆ 1946ರ ಸುಮಾರಿಗೆ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಹೊಲಿದು, ಬಟ್ಟೆಯ ಮೇಲೆ ಹಾಕುವ ನೀರು ಸೋರದ ಒಂದು ಕವಚ ಮಾಡಿದರು. 1951ರಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು. ಕಾಗದದಿಂದಲೇ ಡಯಾಪರು ಮಾಡೋಣ ಎಂದು ಆಕೆ ಹೇಳಿದಾಗ ಕಾರ್ಖಾನೆಯವರು ಕಿವಿಗೊಡಲಿಲ್ಲ. ಹತ್ತು ವರ್ಷದ ಮೇಲೆ ಆ ಕೆಲಸವನ್ನು ವಿಕ್ಟರ್ ಮಿಲ್ಸ್ ಎಂಬ ಎಂಜಿನಿಯರ ತಂಡ ಮಾಡಿತು. ಮೊಮ್ಮಗುವಿನ ಬಟ್ಟೆ ಬದಲಾಯಿಸುವ ಕೆಲಸ ಅವರಿಗೆ ಹಿಡಿಸಲಿಲ್ಲವೆಂದೂ ಅದೇ ಈ ಉದ್ಯಮಕ್ಕೆ ಪ್ರೇರಣೆಯೆಂದೂ ಹೇಳುತ್ತಾರೆ. ಅಜ್ಜನಾದವನಾಗಿ ನನಗೆ ಆ ಮನುಷ್ಯನ ಮೇಲೆ ಸ್ವಲ್ಪ ಸಹಾನುಭೂತಿಯಿದೆ. 1961ರಲ್ಲಿ ಇಲಿನಾಯ್ ಪ್ರಾಂತ್ಯದ ಪಿಯೋರಿಯಾ ಎಂಬ ಊರಿನಲ್ಲಿ ಪ್ಯಾಂಪರ್ಸ್ ಎಂಬ ಹೆಸರಿನಲ್ಲಿ ಅದು ಪರೀಕ್ಷೆಗಾಗಿ ಮಾರಾಟಕ್ಕೆ ಬಂತು. ಒಂದಕ್ಕೆ ಹತ್ತು ಸೆಂಟು ಬೆಲೆ. ಅಮೆರಿಕದ ತಾಯಂದಿರೇ ಅದು ದುಬಾರಿ ಎಂದು ಬಿಟ್ಟರು. ಬೆಲೆ ಇಳಿದ ಮೇಲಷ್ಟೇ ಅದು ನಡೆದದ್ದು.

ಆಗಿನದು ಹೆಚ್ಚಾಗಿ ಮರದ ನಾರಿನ ಮೆತ್ತೆ. ಈಗಿನದರ ಗುಟ್ಟು ಬೇರೆ. ಮನೆಯಲ್ಲಿ ಒಂದು ಹೊಸ ಡಯಾಪರನ್ನು ಕತ್ತರಿಸಿ ನೋಡಿದೆ. ಹತ್ತಿಯಂಥ ಮೆತ್ತೆಯ ನಡುವೆ ಸಕ್ಕರೆಯ ಹರಳಿನಂಥ ಬಿಳಿಯ ಪುಡಿ. ಅದನ್ನು ತಟ್ಟೆಗೆ ಉದುರಿಸಿಕೊಂಡು ಒಂದು ಲೋಟ ನೀರು ಹೊಯ್ದೆ. ಕಣ್ಣೆದುರಿಗೇ ನೀರೆಲ್ಲ ಮಾಯವಾಗಿ ಸಬ್ಬಕ್ಕಿ ಪಾಯಸದಂಥ ಲೋಳೆಯಾಯಿತು. ತಟ್ಟೆಯನ್ನು ಬೋರಲು ಮಾಡಿದರೂ ಹನಿ ತೊಟ್ಟಿಕ್ಕಲಿಲ್ಲ. ಸೋಡಿಯಂ ಪಾಲಿಅಕ್ರಿಲೇಟ್ ಎಂದು ಅದರ ಹೆಸರು. 1980ರ ದಶಕದಿಂದ ಡಯಾಪರುಗಳಲ್ಲಿ ಬಳಕೆಗೆ ಬಂದಿದೆ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಾಲನ್ನು ಹೀರುತ್ತದೆ, ಉಪ್ಪು ಬೆರೆತ ಮೂತ್ರವಾದರೆ ಅದಕ್ಕಿಂತ ಬಹಳ ಕಡಿಮೆ. ಹೀರಿದ್ದನ್ನು ಹಿಂಡಿದರೂ ಬಿಡುವುದಿಲ್ಲ. ಬಟ್ಟೆಯಲ್ಲಿ ಈ ಗುಣವಿಲ್ಲ. ಬಟ್ಟೆ ಹೀರುತ್ತದೆ, ಒತ್ತಿದರೆ ಬಿಡುತ್ತದೆ. ಆದುದರಿಂದ ಇಡೀ ರಾತ್ರಿ ಮಗು ಎಚ್ಚರವಾಗದೆ ಮಲಗಬೇಕು, ತಾಯಿಯೂ ಮಲಗಬೇಕು ಎಂದರೆ ಡಯಾಪರಿನ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟ ಬಾಣಂತಿಯ ಮುಂದೆ ನಿಂತು ನಿಸರ್ಗದ ಉಪನ್ಯಾಸ ಮಾಡುವವನು ತಾನೂ ಮೂರು ರಾತ್ರಿ ಎದ್ದು ನೋಡಿರಬೇಕು.

ಡಯಾಪರಿನಿಂದ ಮೈಮೇಲೆ ಗಂದೆ ಏಳುತ್ತದೆ ಎಂದು ಹಿರಿಯರು ಹೇಳುವುದುಂಟು. ಬಟ್ಟೆಯಿಂದಲೇ ಏಳುತ್ತದೆ ಎಂದು ಕಿರಿಯರು ಮರುನುಡಿಯುತ್ತಾರೆ. ಇಬ್ಬರದೂ ಅರ್ಧ ನಿಜ. ಕೂಸಿನ ಚರ್ಮ ಕೆಂಪಾಗುವುದು ಒದ್ದೆಯಿಂದ, ಉಜ್ಜಾಟದಿಂದ, ಮಲಮೂತ್ರ ಬೆರೆತು ಬಹಳ ಹೊತ್ತು ತಗುಲಿರುವುದರಿಂದ. ಒಳ್ಳೆಯ ಡಯಾಪರು ಮೂತ್ರವನ್ನು ಒಳಗೆಳೆದುಕೊಂಡು ಚರ್ಮವನ್ನು ಒಣಗಿಸಿಡುತ್ತದೆ ಎಂಬುದೇನೋ ಸರಿ, ಆದರೆ ಅದು ಮಲವನ್ನು ಹೀರುವುದಿಲ್ಲ. ಹೊರಗೆ ಒದ್ದೆ ಕಾಣದ ಕಾರಣ ಬದಲಾಯಿಸುವುದು ಮರೆತೇ ಹೋಗುತ್ತದೆ. ಬಟ್ಟೆಯಾದರೆ ಮರೆಯುವಂತಿಲ್ಲ, ಕೂಸೇ ಅತ್ತು ಕರೆಯುತ್ತದೆ. ಯಾವುದನ್ನು ಕಟ್ಟಿದರೂ ಮೂರು ನಾಲ್ಕು ಗಂಟೆಗೊಮ್ಮೆ ನೋಡಿರಿ, ಮಲ ಮಾಡಿದೊಡನೆ ತೆಗೆಯಿರಿ, ನೀರಿನಲ್ಲಿ ತೊಳೆದು ಒತ್ತಿ ಒರಸಿ ಸ್ವಲ್ಪ ಹೊತ್ತು ಬರಿಮೈಯಲ್ಲಿ ಬಿಡಿರಿ. ಪೌಡರಿನ ಗೊಡವೆ ಬೇಡ, ಅದರ ಧೂಳು ಕೂಸಿನ ಉಸಿರಿಗೆ ಹೋಗುತ್ತದೆ. ಕೆಂಪು ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ತೊಡೆಸಂದಿನಲ್ಲಿ ಸಣ್ಣ ಸಣ್ಣ ಬೊಕ್ಕೆ ಹರಡಿದರೆ ಬೂಷ್ಟಿನ ಸೋಂಕಾಗಿರಬಹುದು, ವೈದ್ಯರಿಗೆ ತೋರಿಸಬೇಕು.

ಬಟ್ಟೆಯ ಪರವಾಗಿ ಇನ್ನೊಂದು ಮಾತು. ಮೊದಲ ವಾರಗಳಲ್ಲಿ ತಾಯಿಗೆ ಇರುವ ದೊಡ್ಡ ಚಿಂತೆಯೆಂದರೆ ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬುದು. ಐದಾರು ದಿನ ಕಳೆದ ಕೂಸು ಹಗಲುರಾತ್ರಿ ಸೇರಿ ಆರು ಸಲಕ್ಕೆ ಕಡಿಮೆಯಿಲ್ಲದೆ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಬಟ್ಟೆಯಾದರೆ ಇದು ಲೆಕ್ಕಕ್ಕೆ ಸಿಗುತ್ತದೆ, ಡಯಾಪರಿನಲ್ಲಿ ನಾಲ್ಕು ಸಲದ್ದೂ ಒಂದೇ ಲೋಳೆಯಲ್ಲಿ ಅಡಗಿಹೋಗುತ್ತದೆ.

ಇನ್ನು ನನ್ನ ಹೆಂಡತಿ ಇಳಿಸಿದ ಟ್ರಂಕಿನ ವಿಚಾರ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಟ್ರಂಕು ತೆರೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ನಮ್ಮೆಲ್ಲರ ಮನೆಗಳಲ್ಲೂ ಹಳೆಯ ಬಟ್ಟೆಯ ನಡುವೆ ಈ ನ್ಯಾಫ್ತಲೀನ್ ಗುಳಿಗೆಗಳು ಇರತಕ್ಕವೇ. ಕೆಲವು ಕೂಸುಗಳ ರಕ್ತದ ಕೆಂಪುಕಣಗಳಲ್ಲಿ ಜಿ6ಪಿಡಿ ಎಂಬ ಒಂದು ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ನೋಡುವುದಕ್ಕೆ ಏನೂ ತಿಳಿಯುವುದಿಲ್ಲ. ಅಂಥ ಕೂಸಿಗೆ ಈ ಗುಳಿಗೆಯ ಆವಿ ತಗುಲಿದರೆ ಕೆಂಪುಕಣಗಳು ಒಡೆದು ಕಾಮಾಲೆ ಏರಬಹುದು. ವಿಪರೀತವಾದರೆ ಮೆದುಳಿಗೂ ಪೆಟ್ಟಾಗಬಹುದು. ನಮ್ಮ ಮನೆಯಲ್ಲಿ ಇದನ್ನು ಹೇಳಿದವಳು ಮನೆಗೆ ಬರುತ್ತಿದ್ದ ದಾದಿ. ನನ್ನ ಐದು ನಿಮಿಷದ ಉಪನ್ಯಾಸದಲ್ಲಿ ಇದರ ಸುಳಿವೇ ಇರಲಿಲ್ಲ. ಪಂಚೆಗಳೆಲ್ಲ ಟ್ರಂಕಿಗೆ ವಾಪಸಾದವು. ದಿನವೂ ಉಡುತ್ತಿದ್ದ ಎರಡು ಪಂಚೆಗಳನ್ನು ಹರಿದು ಇಪ್ಪತ್ತನಾಲ್ಕು ತುಂಡು ಮಾಡಿದೆವು. ಆದುದರಿಂದ ಕೂಸಿಗೆ ಹಳೆಯ ಬಟ್ಟೆ ಬಳಸುವವರು ಗುಳಿಗೆ ಹಾಕಿಟ್ಟಿದ್ದನ್ನು ಮಾತ್ರ ತೆಗೆಯಬೇಡಿರಿ. ಹೆರಿಗೆಗೆ ಎರಡು ತಿಂಗಳಿರುವಾಗಲೇ ಬೇರೆ ಬಟ್ಟೆಯನ್ನು ಬೇವಿನ ಸೊಪ್ಪಿನೊಡನೆ ಎತ್ತಿಟ್ಟುಕೊಳ್ಳಿ.

ಒಗೆಯುವುದಕ್ಕೂ ಒಂದು ಕ್ರಮವಿದೆ ಎಂಬುದು ನನಗೆ ತಿಳಿದಿರಲಿಲ್ಲ. ಮೊದಲ ದಿನ ಎಲ್ಲವನ್ನೂ ಒಟ್ಟಿಗೆ ಬಿಸಿನೀರಿಗೆ ಹಾಕಿ ಕಲೆಗಳನ್ನು ಶಾಶ್ವತ ಮಾಡಿದೆ. ಮಲವನ್ನು ಮೊದಲು ಪಾಯಖಾನೆಗೆ ಕೆಡವಬೇಕು. ಎಳೆಯ ಕೂಸಿನದರಲ್ಲಿ ದೋಷವಿಲ್ಲ ಎಂಬ ನಂಬಿಕೆ ತಪ್ಪು, ರೋಗಾಣು ಅದರಲ್ಲಿಯೂ ಇರುತ್ತದೆ. ಆಮೇಲೆ ತಣ್ಣೀರಿನಲ್ಲಿ ಜಾಲಾಡಬೇಕು. ಬಿಸಿನೀರು, ಸೋಪು ಅದರ ನಂತರ. ಸೋಪಿನ ಅಂಶ ಉಳಿಯದಂತೆ ಎರಡು ನೀರು ಹಾಕಬೇಕು, ಉಳಿದರೆ ಅದೇ ಚರ್ಮವನ್ನು ಕೆರಳಿಸುತ್ತದೆ. ಬಟ್ಟೆ ಮೃದುವಾಗಲೆಂದು ಅಂಗಡಿಯಲ್ಲಿ ಮಾರುವ ಸುಗಂಧದ ದ್ರವವನ್ನು ಹಾಕಿದರೆ ನೂಲಿನ ಮೇಲೆ ಜಿಡ್ಡಿನ ಪೊರೆ ಕಟ್ಟಿ ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ಇಷ್ಟಾದ ಮೇಲೆ ಬಿಸಿಲು. ಬಿಸಿಲಿನಷ್ಟು ಅಗ್ಗದ, ಬಿಸಿಲಿನಷ್ಟು ಒಳ್ಳೆಯ ಅಗಸ ಇನ್ನೊಬ್ಬನಿಲ್ಲ. ಕಲೆಯನ್ನೂ ತೆಗೆಯುತ್ತಾನೆ, ರೋಗಾಣುವನ್ನೂ ಕೊಲ್ಲುತ್ತಾನೆ.

ಹಣದ ಲೆಕ್ಕ ಸುಲಭ. ದಿನಕ್ಕೆ ಆರು ಡಯಾಪರು, ಒಂದಕ್ಕೆ ಹತ್ತು ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1,800 ರೂಪಾಯಿ. ವರ್ಷಕ್ಕೆ 2,190 ಡಯಾಪರು. ಹಳೆಯ ಪಂಚೆಗೆ ಖರ್ಚಿಲ್ಲ. ಆದರೆ ಬಟ್ಟೆ ಪುಕ್ಕಟೆ ಎಂದು ಯಾರೂ ಹೇಳಬೇಡಿರಿ. ನನ್ನ ಬಕೀಟಿನ ಲೆಕ್ಕದಲ್ಲಿ ದಿನಕ್ಕೆ ಐವತ್ತು ಲೀಟರಿಗೆ ಕಡಿಮೆಯಿಲ್ಲದೆ ನೀರು ಹೋಗುತ್ತಿತ್ತು. ನಮ್ಮ ಬಾವಿಯಲ್ಲಿ ನೀರಿದೆ, ನಾನು ಧಾರಾಳವಾಗಿ ಮಾತನಾಡಬಹುದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದು ಕುಳಿತಿದ್ದಾಗ, ಮೂರನೆಯ ಅಂತಸ್ತಿನ ಎರಡು ಕೋಣೆಯ ಮನೆಯಲ್ಲಿದ್ದ ತಾಯಿಗೆ ಬಟ್ಟೆಯೇ ಶ್ರೇಷ್ಠವೆಂದು ಹೇಳುವ ಬಾಯಿ ಯಾರಿಗಿದ್ದೀತು?

ಈ ವಿಚಾರದಲ್ಲಿ ಇಂಗ್ಲೆಂಡಿನವರು ಮಾಡಿದ ಒಂದು ಲೆಕ್ಕ ನನ್ನ ಅಹಂಕಾರವನ್ನು ಸ್ವಲ್ಪ ಇಳಿಸಿತು. ಅಲ್ಲಿಯ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದು ಮಗುವಿನ ಎರಡೂವರೆ ವರ್ಷಕ್ಕೆ ವಾತಾವರಣಕ್ಕೆ ಸೇರುವ ಇಂಗಾಲದ ಹೊರೆ ಡಯಾಪರಿಗೆ ಸುಮಾರು 550 ಕಿಲೋ, ಬಟ್ಟೆಗೆ ಸುಮಾರು 570 ಕಿಲೋ ಎಂದಿತ್ತು. ಬಟ್ಟೆಯದೇ ಹೆಚ್ಚು! ಆದರೆ ಮುಂದೆ ಓದಿದಾಗ ಕಾರಣ ತಿಳಿಯಿತು. ಅವರು ಹಿಡಿದದ್ದು ಯಂತ್ರದಲ್ಲಿ ಒಗೆಯುವ, ಬಹುಮಟ್ಟಿಗೆ ಯಂತ್ರದಲ್ಲಿಯೇ ನೀರು ಕಾಯಿಸುವ, ಒಂದಷ್ಟು ಮಂದಿ ಯಂತ್ರದಲ್ಲಿಯೇ ಒಣಗಿಸುವ ಮನೆಗಳ ಸರಾಸರಿ. ಯಂತ್ರ ತುಂಬ ಬಟ್ಟೆ ಹಾಕಿ, ಹೊರಗಿನ ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ 200 ಕಿಲೋ ಇಳಿಯುತ್ತದೆ ಎಂದೂ ಅದರಲ್ಲೇ ಇತ್ತು. 2023ರಲ್ಲಿ ಅಲ್ಲಿಯದೇ ಹೊಸ ಲೆಕ್ಕ ಬಂದಾಗ ಬಟ್ಟೆಯ ಹೊರೆ ಡಯಾಪರಿಗಿಂತ ಕಾಲುಭಾಗ ಕಡಿಮೆ ಎಂದು ಕಂಡಿತು. ಎಂದರೆ ಪುಣ್ಯವಿರುವುದು ಬಟ್ಟೆಯಲ್ಲಲ್ಲ, ಒಗೆಯುವ ರೀತಿಯಲ್ಲಿ. ಹಗ್ಗ ಕಟ್ಟಲು ಜಾಗ, ಮೇಲೆ ಬಿಸಿಲು ಇರುವ ನಮಗೆ ಅರ್ಧ ಕೆಲಸ ಆಗಿಯೇ ಇದೆ.

ಎಸೆದ ಡಯಾಪರು ಐನೂರು ವರ್ಷ ಕೊಳೆಯುವುದಿಲ್ಲ ಎಂದು ಬರೆಯುವುದನ್ನು ನೀವು ಓದಿರಬಹುದು. ಪಾಲಿಥೀನು ಪ್ರಯೋಗಶಾಲೆಯಲ್ಲಿ ದೊರೆತದ್ದೇ 1933ರಲ್ಲಿ. ಐನೂರು ವರ್ಷ ಕಾದು ನೋಡಿದವರು ಯಾರೂ ಇಲ್ಲ. ಅದು ಅಂದಾಜಿನ ಮಾತು. ನಮ್ಮ ಕಾಲಕ್ಕೂ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕೊಳೆಯುವುದಿಲ್ಲ ಎಂದುಕೊಂಡರೆ ಸಾಕು, ನಮ್ಮ ಕೆಲಸಕ್ಕೆ ಅಷ್ಟು ಲೆಕ್ಕ ಬೇಕಾದಷ್ಟಾಯಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಈ ಲೆಕ್ಕಗಳಲ್ಲ. ಬಕೀಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ನನ್ನ ಬಾಲ್ಯದ ಹಳ್ಳಿ ನೆನಪಾಯಿತು. ಹೆರಿಗೆಯಾದ ಮನೆಯ ಬಟ್ಟೆಯ ಗಂಟನ್ನು ಮಡಿವಾಳರ ಮನೆಯ ಹೆಂಗಸು ಹಿತ್ತಲ ಬಾಗಿಲಿಗೆ ಬಂದು ಒಯ್ಯುತ್ತಿದ್ದಳು. ಗಂಟನ್ನು ಅವಳ ಕೈಗೆ ಕೊಡುತ್ತಿರಲಿಲ್ಲ, ದೂರದಲ್ಲಿ ಇಡುತ್ತಿದ್ದರು. ಸುಗ್ಗಿಯಲ್ಲಿ ಆಯವೆಂದು ಒಂದಿಷ್ಟು ಧಾನ್ಯ ಅಳೆದರೆ ಋಣ ತೀರಿತು. ಅವಳು ಹಾಗೆ ಒಗೆದು ಒಗೆದು ಕೊಟ್ಟ ಬಟ್ಟೆಯನ್ನೇ ನಾವು ಈಗ ಹಿರಿಯರ ಸರಳಜೀವನ ಎಂದು ಹೊಗಳುವುದು. ಅವಳು ಒಗೆಯದ ಮನೆಯಲ್ಲಿ ಅಜ್ಜಿ ಒಗೆದಳು, ಅತ್ತೆ ಒಗೆದಳು, ಹಸಿ ಬಾಣಂತನ ಮುಗಿದೊಡನೆ ತಾಯಿಯೇ ಒಗೆದಳು. ಗಂಡಸರು ಒಗೆದದ್ದನ್ನು ನಾನು ಕಂಡಿಲ್ಲ. ನನ್ನ ತಂದೆ ನನ್ನ ಬಟ್ಟೆ ಒಗೆದಿರಲಾರರು. ನಾನು ನನ್ನ ಮಗಳದನ್ನು ಒಗೆಯಲಿಲ್ಲ ಎಂಬುದಂತೂ ಖಚಿತ.

ಈಗ ಆ ಗಂಟು ಕಸದ ಗಾಡಿಗೆ ಹೋಗುತ್ತದೆ. ಬೆಳಗಿನ ಗಾಡಿಯ ಹಿಂದೆ ನಿಂತು ನೋಡಿದ್ದೀರಾ? ಪೌರಕಾರ್ಮಿಕ ಹೆಂಗಸು ನಾವು ಕೊಟ್ಟ ಚೀಲವನ್ನು ಬಿಚ್ಚಿ ಹಸಿಯದು ಒಣದ್ದು ಬೇರೆ ಮಾಡುತ್ತಾಳೆ. ನಮ್ಮ ಮನೆಯ ಸೊಪ್ಪು ಸಿಪ್ಪೆಯ ನಡುವೆ ಮಡಿಸದೆ ಎಸೆದ ಡಯಾಪರು ಅವಳ ಕೈಗೆ ಸಿಗುತ್ತದೆ, ಎಷ್ಟೋ ಸಲ ಬರಿಗೈಗೆ. ನಮಗೆ ಹೇಸಿಗೆಯೆಂದು ಮುಟ್ಟದೆ ಎಸೆದದ್ದನ್ನು ಅವಳು ಮುಟ್ಟಲೇಬೇಕು. ಮಡಿವಾಳಗಿತ್ತಿಯ ಜಾಗಕ್ಕೆ ಇವಳು ಬಂದಿದ್ದಾಳೆ, ಅಷ್ಟೇ ವ್ಯತ್ಯಾಸ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಘನತ್ಯಾಜ್ಯದ ನಿಯಮಗಳಲ್ಲಿಯೇ ಬಳಸಿದ ಡಯಾಪರನ್ನು ಭದ್ರವಾಗಿ ಸುತ್ತಿ ಕೊಡಬೇಕೆಂದು ವಿಧಿಸಿತ್ತು. ಸುತ್ತುವ ಚೀಲವನ್ನು ತಯಾರಕರೇ ಕೊಡಬೇಕೆಂದೂ ಹೇಳಿತ್ತು. ಬೆಂಗಳೂರಿನಲ್ಲಿ ಇಂಥ ಕಸಕ್ಕೆ ಕೆಂಪು ಬುಟ್ಟಿ ಎಂದು ಗೊತ್ತುಮಾಡಿದ್ದೂ ಇದಕ್ಕೇ. ಮಲವನ್ನು ಪಾಯಖಾನೆಗೆ ಕೆಡವಿ, ಡಯಾಪರನ್ನು ಸುರುಳಿ ಸುತ್ತಿ ಅದರದೇ ಅಂಟುಪಟ್ಟಿಯಿಂದ ಬಿಗಿದು, ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟಿ, ಮೇಲೆ ಒಂದು ಕೆಂಪು ಗುರುತು ಹಾಕಿ ಬೇರೆಯಾಗಿ ಕೊಟ್ಟರೆ ನಿಮಗೆ ಆಗುವ ಶ್ರಮ ಒಂದು ನಿಮಿಷದ್ದು. ಪಾಯಖಾನೆಯೊಳಗೆ ಡಯಾಪರನ್ನೇ ಹಾಕಬೇಡಿರಿ. ಅದು ನೀರು ಕುಡಿದು ಉಬ್ಬಿ ಕೊಳವೆ ಕಟ್ಟುತ್ತದೆ, ಆಮೇಲೆ ಅದನ್ನು ತೆಗೆಯಲು ಇನ್ನೊಬ್ಬ ಬಡವ ಬರಬೇಕು. ಹಿತ್ತಲಲ್ಲಿ ಸುಡುವುದೂ ಬೇಡ, ಆ ಹೊಗೆ ಮೊದಲು ಬರುವುದು ನಿಮ್ಮ ತೊಟ್ಟಿಲಿಗೇ. ಕಸದ ಗಾಡಿಯೇ ಬಾರದ ಹಳ್ಳಿಯಲ್ಲಿದ್ದರೆ, ನನ್ನ ಅಭಿಪ್ರಾಯದಲ್ಲಿ, ಡಯಾಪರು ತರುವ ಮುಂಚೆ ಎರಡು ಸಲ ಯೋಚಿಸಬೇಕು. ಕೆರೆಯ ಏರಿಯ ಮೇಲೆ ಅವು ಬಿದ್ದಿರುವುದನ್ನು ನಾನು ಕಂಡಿದ್ದೇನೆ.

ಬಟ್ಟೆಯೂ ಅಲ್ಲದ ಡಯಾಪರೂ ಅಲ್ಲದ ಒಂದು ಮೂರನೆಯ ಉಪಾಯವನ್ನು ನಮ್ಮ ಅಜ್ಜಿಯರು ಬಲ್ಲವರಾಗಿದ್ದರು. ಕಾಲು ನೀಡಿ ಕುಳಿತು, ಎರಡು ಪಾದಗಳ ನಡುವೆ ಕೂಸನ್ನು ಕೂರಿಸಿಕೊಂಡು, ಬಾಯಲ್ಲಿ 'ಉಸ್ಸ್' ಎಂದು ಸದ್ದು ಮಾಡುವುದು. ಎದ್ದೊಡನೆ ಒಂದು ಸಲ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಒಂದು ಸಲ. ಕತ್ತು ನಿಂತ ಮೇಲೆ ನಮ್ಮ ಮಗುವೂ ಆ ಸದ್ದನ್ನು ಗುರುತಿಸತೊಡಗಿತು. ಮೂರು ಸಲದಲ್ಲಿ ಒಂದು ಸಲ ಗೆಲುವು, ಎರಡು ಸಲ ನನ್ನ ಪಂಚೆ ಒದ್ದೆ. ಗೆದ್ದ ಸಲ ಒಂದು ಬಟ್ಟೆ ಉಳಿಯಿತಲ್ಲ! ಪಶ್ಚಿಮದಲ್ಲಿ ಈಗ ಇದರ ಮೇಲೆ ಪುಸ್ತಕಗಳನ್ನೇ ಬರೆಯುತ್ತಿದ್ದಾರಂತೆ. ನಮ್ಮ ಅಜ್ಜಿ ಬರೆಯಲಿಲ್ಲ, ಅವಳಿಗೆ ಪುರಸೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕೊನೆಗೆ ಆದ ಒಪ್ಪಂದ ಇಷ್ಟು: ಹಗಲು ಮನೆಯಲ್ಲಿರುವಾಗ ಬಟ್ಟೆ, ರಾತ್ರಿಗೆ ಒಂದು ಡಯಾಪರು, ಆಸ್ಪತ್ರೆಗೋ ಊರಿಗೋ ಹೊರಟರೆ ಒಂದೆರಡು. ದಿನಕ್ಕೆ ಆರು ಹೋಗುತ್ತಿದ್ದ ಕಡೆ ಒಂದೋ ಎರಡೋ ಸಾಕಾಯಿತು. ಒಗೆಯುವ ಸರದಿ ಬೆಳಿಗ್ಗೆ ನನ್ನದು, ಸಂಜೆ ಶಾಲೆಯಿಂದ ಬಂದ ಮೇಲೂ ನನ್ನದೇ. ಆಷಾಢದ ಜಡಿಮಳೆಯಲ್ಲಿ ಬಟ್ಟೆ ಎರಡು ದಿನವಾದರೂ ಒಣಗದೆ ಮುಗ್ಗುಲು ಹಿಡಿದಾಗ ನಾನೇ ಅಂಗಡಿಗೆ ಹೋಗಿ ಡಯಾಪರಿನ ಕಟ್ಟು ತಂದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಕಟ್ಟನ್ನು ಕಾಗದದಲ್ಲಿ ಸುತ್ತಿ ಮರೆಮಾಡಿ ಕೊಡಲೇ ಸಾರ್ ಎಂದು ಕೇಳಿದ. ಬೇಡವೆಂದೆ.

ಐದನೆಯ ತಿಂಗಳಲ್ಲಿ ಮಗಳು ಹೊರಟಳು. ಕರೆದೊಯ್ಯಲು ಬಂದಿದ್ದ ಅಳಿಯನನ್ನು ಹಿಂದಿನ ಸಂಜೆ ಹಿತ್ತಲಿಗೆ ಕರೆದು, ಬಕೀಟಿನ ಮುಂದೆ ಕೂರಿಸಿ, ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಎರಡು ಜಾಲಾಟ ಎಂದು ಪಾಠ ಹೇಳಿದೆ. ಹುಡುಗ ಎಂಜಿನಿಯರು, ಬೇಗ ಕಲಿತ. ಇಪ್ಪತ್ತನಾಲ್ಕು ತುಂಡಿನಲ್ಲಿ ಉಳಿದಿದ್ದ ಹತ್ತೊಂಬತ್ತನ್ನು ಮಡಿಸಿ ಪೆಟ್ಟಿಗೆಗೆ ಹಾಕಿದೆವು. ಕಳೆದ ವಾರ ಫೋನು ಮಾಡಿ ವಿಚಾರಿಸಿದೆ. ಮೂರು ದಿನದಿಂದ ಮೋಡ, ಡಯಾಪರೇ ನಡೆಯುತ್ತಿದೆ ಎಂದಳು ಮಗಳು. ಸುತ್ತಿ ಕೆಂಪು ಬುಟ್ಟಿಗೆ ಹಾಕುವವರು ಯಾರು ಎಂದು ಕೇಳಿದೆ. "ಅವರೇ" ಎಂದಳು.